ಮಡಿಲಲ್ಲಿ ಕೆಂಡ: ಬ್ಯಾಕ್ಟೀರಿಯಾ ಮತ್ತು ತಾಮ್ರ

ಒಂದು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಾಮ್ರದ ಪರಮಾಣುಗಳು ಸಾವಿರಗಟ್ಟಲೆ ಇರುತ್ತವೆ. ಆದರೆ ಅದರ ಕೋಶರಸದಲ್ಲಿ ಯಾವುದಕ್ಕೂ ಅಂಟಿಕೊಳ್ಳದೆ ತನ್ನ ಪಾಡಿಗೆ ತೇಲಾಡುವ ತಾಮ್ರ ಹುಡುಕಿದರೂ ಸಿಗುವುದಿಲ್ಲ.

ಈ ಮಾತಿಗೆ ಆಧಾರ ‘ಕ್ಯೂ-ಆರ್’ ಎಂಬ ಸಂವೇದಿ ಪ್ರೋಟೀನು. ಡಿಎನ್‌ಎ ಮೇಲೆ ಕುಳಿತು ಕಾಯುವ ಇದು, ತಾಮ್ರ ಸಿಕ್ಕಿದ ಕೂಡಲೇ ಅದನ್ನು ಹೊರಹಾಕುವ ಜೀನುಗಳನ್ನು ಚಾಲೂ ಮಾಡುತ್ತದೆ. ಅದರ ಸೂಕ್ಷ್ಮತೆಯ ಅಳತೆ 2003ರಲ್ಲಿ ಪ್ರಕಟವಾಯಿತು: 10ರ ಮೈನಸ್ 21ನೇ ಘಾತದ ಆಸುಪಾಸಿನ ಮೋಲಾರ್ (ದ್ರಾವಣದ ಸಾಂದ್ರತೆಯ ಮಾನ). ಅಷ್ಟು ಪುಟ್ಟ ಕೋಶದಲ್ಲಿ ಒಂದೇ ಪರಮಾಣು ಬಿಡಿಯಾಗಿದ್ದರೂ ಸಾಂದ್ರತೆ ಒಂದು ನ್ಯಾನೋಮೋಲಾರ್ (10ರ ಮೈನಸ್ 9ನೇ ಘಾತದ ಮೋಲಾರ್) ದಾಟುತ್ತದೆ. ಸಂವೇದಿ ಎಚ್ಚರಗೊಳ್ಳುವುದು ಅದರ ಲಕ್ಷ ಕೋಟಿಯಲ್ಲೊಂದು ಪಾಲಿಗೆ! ಬಿಡಿ ಪರಮಾಣು ಒಂದಿದ್ದರೂ ಕೋಶಕ್ಕೆ ಅದು ಅತಿಯಾಯಿತು.

ಇಷ್ಟೊಂದು ಎಚ್ಚರ ಏಕೆ? ಮ್ಯಾಂಗನೀಸ್, ಕಬ್ಬಿಣ, ಸತು ಇವೆಲ್ಲಕ್ಕಿಂತ ತಾಮ್ರ ಪ್ರೋಟೀನುಗಳಿಗೆ ಬಿಗಿಯಾಗಿ ಅಂಟುತ್ತದೆ. ಬೇರೆ ಲೋಹದ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ತಾಮ್ರದಿಂದ ಹುಟ್ಟುವ, ಸಿಕ್ಕಿದ್ದನ್ನೆಲ್ಲ ಕೆಡಿಸುವ ಆಮ್ಲಜನಕದ ರ‍್ಯಾಡಿಕಲ್‌ಗಳೇ ಕೋಶವನ್ನು ಕೊಲ್ಲುತ್ತವೆ ಎಂಬ ನಂಬಿಕೆ ಬಹುಕಾಲ ಇತ್ತು. 2009ರ ಒಂದು ಅಧ್ಯಯನ ಬೇರೆಯದನ್ನೇ ತೋರಿಸಿತು. ತಾಮ್ರದ ಮೊದಲ ಪೆಟ್ಟು ಬೀಳುವುದು ಕೆಲವು ಕಿಣ್ವಗಳ ಕಬ್ಬಿಣ-ಗಂಧಕದ ಗುಚ್ಛಗಳ ಮೇಲೆ. ಲ್ಯೂಸಿನ್ ಎಂಬ ಅಮೈನೋ ಆಮ್ಲ ತಯಾರಿಸುವ ಕಿಣ್ವವೊಂದು ಹೀಗೆ ಕೆಡುತ್ತದೆ, ಅದಕ್ಕೆ ಆಮ್ಲಜನಕವೂ ಬೇಕಿಲ್ಲ.

ಹಾಗೆಂದು ತಾಮ್ರವನ್ನು ಬಿಟ್ಟುಬಿಡುವಂತಿಲ್ಲ. ಅನೇಕ ಬ್ಯಾಕ್ಟೀರಿಯಾಗಳಲ್ಲಿ ಉಸಿರಾಟದ ಕೊನೆಯ ಹಂತ ನಡೆಸುವ ಸೈಟೋಕ್ರೋಮ್ ಸಿ ಆಕ್ಸಿಡೇಸ್‌ಗೆ ಮೂರು ತಾಮ್ರದ ಪರಮಾಣುಗಳು ಬೇಕೇ ಬೇಕು. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಬದುಕುವ ಪಾಡು ಇದು.

ಪರಿಹಾರ: ತಾಮ್ರವನ್ನು ಎಂದೂ ಒಂಟಿಯಾಗಿ ಬಿಡದಿರುವುದು. ಬ್ಯಾಸಿಲಸ್ ಸಬ್‌ಟಿಲಿಸ್ ಎಂಬ ಬ್ಯಾಕ್ಟೀರಿಯಾದ ‘ಕಾಪ್-ಝಡ್’ ಸುಮಾರು 70 ಅಮೈನೋ ಆಮ್ಲಗಳ ಸಾಗಣೆ ಪ್ರೋಟೀನು. ಅದರ ಹೊರಮೈಯಲ್ಲಿ ಸಿಸ್ಟೀನ್ ಎಂಬ, ಗಂಧಕವಿರುವ ಎರಡು ಅಮೈನೋ ಆಮ್ಲಗಳಿವೆ, ಅವುಗಳ ಗಂಧಕಗಳ ನಡುವೆ ತಾಮ್ರ. ಅದನ್ನು ಪಡೆಯಬೇಕಾದ ಪ್ರೋಟೀನಿನಲ್ಲೂ ಅಂಥದ್ದೇ ಜೋಡಿ. ಎರಡೂ ಎದುರಾದಾಗ ಹೊಸ ಗಂಧಕವೊಂದು ಮೊದಲು ತಾಮ್ರವನ್ನು ಹಿಡಿಯುತ್ತದೆ, ಆಮೇಲೆ ಹಳೆಯದೊಂದು ಕೈಬಿಡುತ್ತದೆ. ಹಸ್ತಾಂತರದ ಯಾವ ಕ್ಷಣದಲ್ಲೂ ತಾಮ್ರ ನೀರಿಗೆ ಬೀಳುವುದಿಲ್ಲ. ಅಷ್ಟು ಬಿಗಿಯಾಗಿ ಹಿಡಿದದ್ದನ್ನು ಇಷ್ಟು ಸಲೀಸಾಗಿ ದಾಟಿಸುವುದು, ನನ್ನ ಮಟ್ಟಿಗೆ, ಇಡೀ ವ್ಯವಸ್ಥೆಯ ಅತಿ ಚೆಂದದ ಭಾಗ.

ಇ. ಕೋಲಿಯಲ್ಲಿ ಇಂಥ ಪ್ರೋಟೀನಿಗೆಂದು ಪ್ರತ್ಯೇಕ ಜೀನ್ ಕಾಣದೆ ಸಂಶೋಧಕರು ತಲೆಕೆಡಿಸಿಕೊಂಡಿದ್ದರು. ಉತ್ತರ ಸಿಕ್ಕಿದ್ದು 2017ರಲ್ಲಿ. ತಾಮ್ರ ಹೊರತಳ್ಳುವ ‘ಕಾಪ್-ಎ’ ಪಂಪಿನ ಜೀನನ್ನು ಓದುವಾಗ ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮ್ ಕೆಲವೊಮ್ಮೆ ಒಂದಕ್ಷರ ಹಿಂದೆ ಜಾರುತ್ತದೆ. ಆಗ ಓದು ಬೇಗನೆ ನಿಂತು, ಪಂಪಿನ ಮೊದಲ ತುಂಡು ಮಾತ್ರ ತಯಾರಾಗುತ್ತದೆ. ಆ ತುಂಡೇ ಸಾಗಣೆಗಾರ. ಒಂದೇ ಜೀನ್, ಎರಡು ಕೆಲಸ.

ಕಾಪ್-ಎ ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ತಾಮ್ರವನ್ನು ಎರಡು ಪೊರೆಗಳ ನಡುವಿನ ಪೆರಿಪ್ಲಾಸಮ್‌ಗೆ ತಳ್ಳುತ್ತದೆ. ಅಲ್ಲಿಂದ ಆಚೆಗೆ ಕಳಿಸಲು ಬೇರೊಂದು ಪಂಪು ಇದೆ. ನಮ್ಮ ದೇಹದ ಮ್ಯಾಕ್ರೋಫೇಜ್ ಕೋಶಗಳು ನುಂಗಿದ ಬ್ಯಾಕ್ಟೀರಿಯಾದ ಮೇಲೆ ತಾಮ್ರವನ್ನೇ ಸುರಿಯುತ್ತವೆ. ಆಗ ಕಾಪ್-ಎ ಇಲ್ಲದ ಇ. ಕೋಲಿ ಸುಲಭವಾಗಿ ಸಾಯುತ್ತದೆ.

ತಾಮ್ರ ಬೇಡವಾದ ಪ್ರೋಟೀನು ಅದರಿಂದ ತಪ್ಪಿಸಿಕೊಳ್ಳುವ ಬಗೆಯೂ ಸ್ವಾರಸ್ಯಕರ. ಸಿನೆಕೊಸಿಸ್ಟಿಸ್ ಎಂಬ ಸಯನೋಬ್ಯಾಕ್ಟೀರಿಯಾದ ಪೆರಿಪ್ಲಾಸಮ್‌ನಲ್ಲಿ ಎರಡು ಪ್ರೋಟೀನುಗಳಿವೆ, ಒಂದರಲ್ಲಿ ಮ್ಯಾಂಗನೀಸ್, ಇನ್ನೊಂದರಲ್ಲಿ ತಾಮ್ರ. ಲೋಹ ಹಿಡಿಯುವ ಜಾಗ ಮಾತ್ರ ಎರಡರಲ್ಲೂ ಒಂದೇ ಬಗೆಯದು. ಪ್ರಯೋಗಾಲಯದಲ್ಲಿ ಮೊದಲನೆಯದಕ್ಕೆ ಮ್ಯಾಂಗನೀಸ್ ಹಿಡಿಸಬೇಕಾದರೆ ಅದು ತಾಮ್ರಕ್ಕಿಂತ 10,000 ಪಟ್ಟು ಹೆಚ್ಚಿರಬೇಕಾಯಿತು. ವ್ಯತ್ಯಾಸ ಇರುವುದು ಪ್ರೋಟೀನಿನ ಎಳೆ ಮಡಚಿಕೊಂಡು ತನ್ನ ಆಕಾರ ಪಡೆಯುವ ಜಾಗದಲ್ಲಿ ಎಂದು 2008ರಲ್ಲಿ ತಿಳಿಯಿತು. ಎರಡನೆಯದು ಪೆರಿಪ್ಲಾಸಮ್‌ಗೆ ದಾಟಿದ ಮೇಲೆ ಮಡಚಿಕೊಂಡು ತಾಮ್ರ ಪಡೆಯುತ್ತದೆ. ಮೊದಲನೆಯದು ಬಿಡಿ ತಾಮ್ರವಿಲ್ಲದ ಕೋಶರಸದಲ್ಲೇ ಮಡಚಿಕೊಂಡು, ಮ್ಯಾಂಗನೀಸನ್ನು ಒಳಗಿಟ್ಟು ಮುಚ್ಚಿಕೊಂಡ ಬಳಿಕವಷ್ಟೇ ಹೊರಬರುತ್ತದೆ.