ಫಾರಂ ಕೋಳಿ ಹಿತ್ತಲಿಗೆ ಬಂದರೆ ಮೊದಲು ಫೀಡು, ಆಮೇಲೆ ರಾಗಿ

ಫಾರಂನಿಂದ ತಂದ ಮೊಟ್ಟೆ ಕೋಳಿಗೆ ಬಂದ ದಿನವೇ ರಾಗಿ ಚೆಲ್ಲಿ ಹಿತ್ತಲಿಗೆ ಬಿಡಬೇಡಿ. ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆ ಯಾರೇ ಇಂಥ ಕೋಳಿ ತಂದರೂ ಮಾಡುವ ಮೊದಲ ಕೆಲಸ ಇದೇ. ಪಾಪ, ಇಷ್ಟು ದಿನ ಪಂಜರದಲ್ಲಿತ್ತು, ಇನ್ನಾದರೂ ನಾಟಿ ಕೋಳಿ ಥರ ತಿಪ್ಪೆ ಕೆದರಿಕೊಂಡು ತಿನ್ನಲಿ ಅಂತ ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಆ ಕೋಳಿಗೆ ರಾಗಿ ತಿನ್ನುವ ವಸ್ತು ಅಂತಲೇ ಗೊತ್ತಿರುವುದಿಲ್ಲ.

ಅದು ಬೆಳೆದದ್ದು ಹೇಗೆ ನೋಡಿ. 18-20 ವಾರಕ್ಕೆ ಮೊಟ್ಟೆ ಇಡಲು ಶುರು ಮಾಡುತ್ತದೆ. 72 ರಿಂದ 80 ವಾರದ ಹೊತ್ತಿಗೆ ಮೊಟ್ಟೆ ಕಡಿಮೆಯಾಗಿ, ಫೀಡಿನ ಖರ್ಚೂ ಗಿಟ್ಟುವುದಿಲ್ಲ ಅಂತ ಫಾರಂನವರು ಮಾಂಸಕ್ಕೆ ಮಾರಿಬಿಡುತ್ತಾರೆ. ನಮ್ಮ ದೇಶದ ಪಂಜರಗಳಲ್ಲಿ ಒಂದು ಕೋಳಿಗೆ ಬಹುಕಾಲ ಸಾಮಾನ್ಯವಾಗಿ ಸಿಗುತ್ತಿದ್ದ ಜಾಗ ಸುಮಾರು 450 ಚದರ ಸೆಂಟಿಮೀಟರ್. ಒಂದು ಎ4 ಹಾಳೆಯೇ ಸುಮಾರು 624 ಇರುತ್ತದೆ. ತಿಂದದ್ದು ಪುಡಿ ಫೀಡು ಮಾತ್ರ, ಕುಡಿದದ್ದು ನೀರಿನ ಪೈಪಿನ ನಿಪ್ಪಲ್ ಕುಕ್ಕಿದಾಗ ಬೀಳುವ ಹನಿ. ಬಟ್ಟಲು ತುಂಬ ನೀರಿಟ್ಟರೂ ಪಕ್ಕದಲ್ಲೇ ಬಾಯಾರಿ ನಿಂತಿರುತ್ತದೆ. ಕೋಳಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಕ್ಕಿನ ತುದಿಯನ್ನಷ್ಟೇ ನೀರಿಗೆ ತಾಗಿಸಿ, ಮೂಗಿನ ತೂತಿಗೆ ನೀರು ಹೋಗಬಾರದು. ಎರಡು ಮೂರು ಸಲಕ್ಕೆ ತಲೆಯೆತ್ತಿ ನುಂಗುತ್ತದೆ. ಒಂದು ಕಲಿತರೆ ಉಳಿದವು ಅದನ್ನು ನೋಡಿ ಕಲಿಯುತ್ತವೆ.

ಊಟಕ್ಕೆ ಅದು ಫಾರಂನಲ್ಲಿ ತಿನ್ನುತ್ತಿದ್ದ ಲೇಯರ್ ಫೀಡನ್ನೇ, ಅಂದರೆ ಮೊಟ್ಟೆ ಕೋಳಿಯ ಫೀಡನ್ನೇ ತನ್ನಿ. ದಿನಕ್ಕೆ ಒಂದಕ್ಕೆ 100-110 ಗ್ರಾಂ ಬೇಕು, ಮೈಮೇಲೆ ಪುಕ್ಕ ಇಲ್ಲದಿದ್ದರೆ ಇನ್ನೂ ಜಾಸ್ತಿ. ಪುಡಿಯನ್ನೇ ತಿಂದು ಬೆಳೆದ ಕೋಳಿಗೆ ಕಾಳು ಅರೆಯುವ ಹೊಟ್ಟೆಯ ಚೀಲಕ್ಕೂ ಕೆಲಸ ಇರಲಿಲ್ಲ, ಅದು ಗಟ್ಟಿಯಾಗಲು ಸಮಯ ಬೇಕು, ಅರೆಯಲು ಸಣ್ಣ ಕಲ್ಲೂ ಬೇಕು. ಹಾಗಾಗಿ ಎರಡು ಮೂರು ವಾರದಲ್ಲಿ ನಿಧಾನಕ್ಕೆ ಒಡೆದ ಜೋಳ, ರಾಗಿ ಸೇರಿಸಿ. ಫಾರಂನಲ್ಲಿ ಕೊಕ್ಕಿನ ತುದಿ ಕತ್ತರಿಸಿರುವುದರಿಂದ ಸೊಪ್ಪು ಹರಿಯಲು ಬರುವುದಿಲ್ಲ. ನುಗ್ಗೆ, ದಂಟು ಏನೇ ಕೊಟ್ಟರೂ ಸಣ್ಣಗೆ ಹೆಚ್ಚಿ ಕೊಡಿ. ಉದ್ದ ಹುಲ್ಲು ಗಂಟಲ ಚೀಲದಲ್ಲಿ ಸಿಕ್ಕಿಕೊಳ್ಳಬಹುದು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನಂತೂ ಮುಟ್ಟಿಸಲೇಬೇಡಿ, ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಈಲಿ ಹಾಳು ಮಾಡುತ್ತದೆ.

ಫೀಡು ನಿಲ್ಲಿಸಬೇಡಿ ಅಂತ ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಈ ಕೋಳಿಯ ಮೂಳೆ ಸಾಲದಲ್ಲಿರುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತ ನಾವೆಲ್ಲ ಹೇಳುತ್ತೇವೆ, ನಿಜ, ಆದರೆ 100 ಗ್ರಾಂ ರಾಗಿಯಲ್ಲಿರುವುದು ಸುಮಾರು 0.35 ಗ್ರಾಂ. ಲೇಯರ್ ಫೀಡಿನಲ್ಲಿ ಅಷ್ಟೇ ತೂಕಕ್ಕೆ 3.5 ರಿಂದ 4 ಗ್ರಾಂ ಇರುತ್ತದೆ. ಚಿಪ್ಪು ಕಟ್ಟುವುದಕ್ಕೆ ಸುಮಾರು 20 ಗಂಟೆ ಹಿಡಿಯುತ್ತದೆ, ಹೆಚ್ಚಿನ ಕೆಲಸ ರಾತ್ರಿ, ಕೋಳಿ ಏನೂ ತಿನ್ನದೆ ಮಲಗಿರುವಾಗ. ಆಗ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಮೂಳೆಯೊಳಗಿನದನ್ನು ಕರಗಿಸಿ ಚಿಪ್ಪಿಗೆ ಹಾಕುತ್ತದೆ. ಇದೇ ನಡೆದೂ ನಡೆದೂ ಮೂಳೆ ಟೊಳ್ಳಾಗುತ್ತದೆ. ಅದಕ್ಕೇ ಸಂಜೆ ಹೊತ್ತು ಬೇರೆ ಬಟ್ಟಲಲ್ಲಿ ಕಡಲ ಚಿಪ್ಪಿನ ದಪ್ಪ ಚೂರು ಇಡಿ, ಫೀಡಿನ ಅಂಗಡಿಯಲ್ಲಿ ಶೆಲ್ ಗ್ರಿಟ್ ಅಂದರೆ ಕೊಡುತ್ತಾರೆ. ನುಣ್ಣನೆ ಪುಡಿ ಬೇಗ ಹೊಟ್ಟೆ ದಾಟಿ ಹೋಗುತ್ತದೆ, ದಪ್ಪ ಚೂರು ರಾತ್ರಿಯೆಲ್ಲ ನಿಧಾನಕ್ಕೆ ಕರಗುತ್ತದೆ.

ಸ್ವಲ್ಪ ದಿನಕ್ಕೆ ಮೊಟ್ಟೆ ನಿಂತುಹೋಗಬಹುದು. ಗಾಬರಿಯಾಗಬೇಡಿ, ಖುಷಿಪಡಿ. ಫಾರಂನಲ್ಲಿ ದಿನಕ್ಕೆ 16 ಗಂಟೆ ಬೆಳಕು ಹಾಕುತ್ತಾರೆ. ನಮ್ಮಲ್ಲಿ ಬಿಸಿಲುಗಾಲ, ಚಳಿಗಾಲ ಯಾವುದೇ ಇರಲಿ, ಹಗಲು 11ರಿಂದ 13 ಗಂಟೆ. ಕೋಳಿ ಬೆಳಕನ್ನು ಕಣ್ಣಿನಿಂದ ಮಾತ್ರವಲ್ಲ, ತಲೆಬುರುಡೆಯನ್ನು ದಾಟಿ ಮಿದುಳಿಗೆ ತಲುಪುವ ಬೆಳಕಿನಿಂದಲೂ ಅಳೆಯುತ್ತದೆ. ಹಗಲು ಚಿಕ್ಕದಾಯಿತು ಅಂತ ಗೊತ್ತಾದರೆ ಮೊಟ್ಟೆ ನಿಲ್ಲಿಸಿ ಪುಕ್ಕ ಉದುರಿಸುತ್ತದೆ. ಮೊಟ್ಟೆ ಇಡುತ್ತಿರುವವರೆಗೂ ಗಟ್ಟಿ ಮೂಳೆಯ ರಿಪೇರಿ ನಡೆಯುವುದೇ ಕಡಿಮೆ. ನಿಂತ ಮೇಲೆ ಅದು ಮತ್ತೆ ಶುರುವಾಗುತ್ತದೆ. ಲೈಟು ಹಾಕಿ ಮೊಟ್ಟೆ ಎಳೆಯಲು ಹೋಗಬೇಡಿ, ಪ್ಲೀಸ್.

ಹೊಸ ಪುಕ್ಕಕ್ಕೆ ಬೇಕಾಗುವುದು ಪ್ರೋಟೀನು, ಯಾಕೆಂದರೆ ಪುಕ್ಕದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಭಾಗ ಪ್ರೋಟೀನೇ. ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳ, ಒಣಗಿಸಿದರೆ ಅರ್ಧದಷ್ಟು ಪ್ರೋಟೀನು ಇರುತ್ತದೆ, ಕೊಬ್ಬೂ ಚೆನ್ನಾಗಿರುತ್ತದೆ. ತಾಜಾ ಇದ್ದಾಗಲೇ ಬಿಸಿಲಿಗೆ ಹರಡಿ ಗರಿಗರಿಯಾಗಿ ಒಣಗಿಸಬೇಕು, ಇಲ್ಲದಿದ್ದರೆ ಕೊಬ್ಬು ಕಮಟು ಹಿಡಿದು ಮೊಟ್ಟೆಗೂ ವಾಸನೆ ಬರುತ್ತದೆ. ಫೀಡಿನ ಜೊತೆ ಒಂದು ಚಿಟಿಕೆ ಸಾಕು.

ಸಂಜೆಯಾದರೆ ಗೂಡಿಗೆ ಹೋಗಬೇಕು ಅನ್ನುವುದೂ ಇವಕ್ಕೆ ಗೊತ್ತಿಲ್ಲ. ಕತ್ತಲಲ್ಲಿ ಮೂಲೆಯಲ್ಲಿ ಗುಂಪಾಗಿ ಕೂತಿರುತ್ತವೆ, ಮೊದಮೊದಲು ಎತ್ತಿ ಒಳಗೆ ಬಿಡಿ. ಕೂರಲು ಕೋಲು ಕಟ್ಟಿದರೆ ನೆಲದಿಂದ ಒಂದು ಗೇಣು ಸಾಕು, ಎತ್ತರದಿಂದ ಬಿದ್ದರೆ ಎದೆಮೂಳೆ ಮುರಿಯಬಹುದು. ಸಂತೆಯಲ್ಲಿ ಹಿಡಿಯುವ ಹಾಗೆ ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ. ಆದರೆ ಮಣ್ಣು ಕಂಡರೆ ಮಾತ್ರ ಯಾರೂ ಕಲಿಸಬೇಕಾಗಿಲ್ಲ. ಒಣ ಮಣ್ಣಿನಲ್ಲಿ ಮಲಗಿ, ರೆಕ್ಕೆಯಿಂದ ಮೈಮೇಲೆಲ್ಲ ದೂಳು ಎರಚಿಕೊಂಡು, ಒಂದು ಕಾಲು ಚಾಚಿ ಕಣ್ಣು ಮುಚ್ಚುತ್ತದೆ. ಜನ್ಮದಲ್ಲಿ ಮಣ್ಣು ಕಾಣದ ಕೋಳಿ ಅದು.

ಮನೆಯಲ್ಲಿ ನಾಟಿ ಕೋಳಿ ಇದ್ದರೆ ಎರಡು ಮೂರು ವಾರ ಬೇರೆ ಇಡಿ. ಪಂಜರದ ಕೋಳಿ ತನ್ನ ಹಿಕ್ಕೆಯನ್ನೇ ಮುಟ್ಟದೆ ಬೆಳೆದದ್ದು, ನೆಲದ ಜಂತುಹುಳ, ರಕ್ತಭೇದಿಗೆ ಅದರ ಮೈ ಇನ್ನೂ ಸಿದ್ಧವಿಲ್ಲ. ಆಮೇಲೆ ಜಾಲರಿ ಅಡ್ಡ ಇಟ್ಟು ಪರಸ್ಪರ ನೋಡಲು ಬಿಟ್ಟು, ಕೊನೆಗೆ ಸೇರಿಸಿ. ರಾಣಿಖೇತ್ ಅನ್ನುವ ಕೋಳಿ ರೋಗದ ಲಸಿಕೆ ಯಾವಾಗ ಹಾಕಬೇಕು ಅಂತ ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಮೊಟ್ಟೆ ಬೆರಳಿಗೆ ಬಗ್ಗುವಷ್ಟು ಮೆತ್ತಗಿದ್ದರೆ, ಕೋಳಿ ಹೊಟ್ಟೆ ಇಳಿಬಿದ್ದು ನೆಟ್ಟಗೆ ನಿಂತು ಮಂಕಾಗಿದ್ದರೆ, ಅಥವಾ ಕಾಲು ಎತ್ತಿಡಲಾರದೆ ಕೂತೇ ಇದ್ದರೆ, ನಾಳೆ ನೋಡೋಣ ಅನ್ನದೆ ಅವತ್ತೇ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.