ಪದ ಪರಿಚಯ: ಕಮ್ಯುನಿಟಿ ಟ್ಯಾಂಕ್

ಅಕ್ವೇರಿಯಂ ಅಂಗಡಿಯಲ್ಲಿ ಐದು ನಿಮಿಷ ನಿಂತರೆ ‘ಇದು ಕಮ್ಯುನಿಟಿ ಮೀನು’ ಎಂಬ ಮಾತು ಕಿವಿಗೆ ಬೀಳುತ್ತದೆ. ಬೇರೆ ಬೇರೆ ಜಾತಿಯ ಮೀನುಗಳು ಒಂದೇ ತೊಟ್ಟಿಯಲ್ಲಿ ಕೂಡಿ ಬಾಳಿದರೆ ಅದು ಕಮ್ಯುನಿಟಿ ಟ್ಯಾಂಕ್. ಕಚ್ಚಾಡದ ಮೀನುಗಳನ್ನು ಆರಿಸಿದರೆ ಸಾಕು ಅಂತ ಹೆಚ್ಚಿನವರು ತಿಳಿದಿದ್ದಾರೆ. ಮೊದಲು ನೋಡಬೇಕಾದದ್ದು ನೀರು.

ಶಿರಸಿಯ ನಮ್ಮ ಮನೆ ಬಾವಿ ಚಿರೆಕಲ್ಲಿನ ನೆಲದಲ್ಲಿ ತೋಡಿದ್ದು. ಇಂಥ ಬಾವಿಯ ನೀರು ಮೆದು, ಸೋಪು ಮುಟ್ಟಿಸಿದರೆ ನೊರೆ; ತುಸು ಆಮ್ಲದ ಗುಣವೂ ಇರುತ್ತದೆ. ಮೊದಲ ಸಲ ಮಾಲಿ, ನಿಯಾನ್ ಟೆಟ್ರಾ ಎಂಬ ಎರಡು ಜಾತಿಯ ಮೀನು ಕೊಂಡಾಗ ಅಂಗಡಿಯವರು, ‘ಒಟ್ಟಿಗೇ ಹಾಕು ತಮಾ, ಏನೂ ಆಗೂದಿಲ್ಲ’ ಅಂದರು. ಜಗಳವೇನೋ ಆಗಲಿಲ್ಲ. ಟೆಟ್ರಾಗಳು ನೀಲಿಗೆರೆ ಮಿಂಚಿಸುತ್ತ ಓಡಾಡಿಕೊಂಡಿದ್ದವು. ಎರಡು ವಾರಕ್ಕೆ ಮಾಲಿಗಳು ಮಾತ್ರ ರೆಕ್ಕೆ ಮುದುರಿಕೊಂಡವು. ಇದ್ದಲ್ಲೇ ಮೈಯನ್ನು ಆಚೀಚೆ ಓಲಾಡಿಸುತ್ತವೆ, ಒಂದಿಂಚೂ ಮುಂದೆ ಸಾಗುವುದಿಲ್ಲ. ಒಂದೊಂದಾಗಿ ಸತ್ತೇ ಹೋದವು. ತುಂಬ ಬೇಸರವಾಯಿತು.

ಮಾಲಿ, ಗಪ್ಪಿ, ಪ್ಲಾಟಿ ಇವೆಲ್ಲ ಮರಿ ಹಾಕುವ ಮೀನುಗಳು. ಇವಕ್ಕೆ ಗಡಸು ನೀರು ಬೇಕು, ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 7ಕ್ಕಿಂತ ಮೇಲಿರಬೇಕು. ನಿಯಾನ್ ಟೆಟ್ರಾ ಅಮೆಜಾನ್ ಕಾಡುಹೊಳೆಗಳ ಮೆದು ನೀರಿನದು. ಈಗ ಮಾಲಿಗೆ ಬೇರೆ ತೊಟ್ಟಿ ಇಟ್ಟಿದ್ದೇನೆ. ಅಘನಾಶಿನಿ ಅಳಿವೆಯ ಬೆಳಚು ಎಂಬ ಚಿಪ್ಪುಜೀವಿಯ ಚಿಪ್ಪನ್ನು ತಿಕ್ಕಿ ತೊಳೆದು, ಕುದಿಸಿ ಅದರ ಫಿಲ್ಟರಿನಲ್ಲಿ ಹಾಕುತ್ತೇನೆ. ಚಿಪ್ಪಿನ ಸುಣ್ಣದ ಅಂಶ ಮೆಲ್ಲಗೆ ಕರಗಿ ನೀರು ಗಡಸಾಗುತ್ತದೆ. ನೀರಿನ ಬಿಸಿಯೂ ಲೆಕ್ಕಕ್ಕೆ ಬರುತ್ತದೆ: ಗೋಲ್ಡ್ ಫಿಶ್‌ಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತ, ಉಷ್ಣವಲಯದ ಹೆಚ್ಚಿನ ಮೀನುಗಳಿಗೆ 24ರಿಂದ 27.

ನೀರು ಹೊಂದಿದ ಮೇಲೆ ಬಾಯಿಯ ಅಳತೆ. ಬಾಯಿಗೆ ಹಿಡಿಯುವ ಮೀನನ್ನು ದೊಡ್ಡ ಮೀನು ನುಂಗಿಯೇ ನುಂಗುತ್ತದೆ. ಅಂಗಡಿಯಲ್ಲಿ ಎಂಟಾಣೆಯಷ್ಟಿರುವ ಏಂಜಲ್ ಫಿಶ್ ಬೆಳೆದರೆ ಸುಮಾರು 15 ಸೆಂಟಿಮೀಟರ್. ನಿಯಾನ್ ಟೆಟ್ರಾ ಬೆಳೆದರೂ ಮೂರ್ನಾಲ್ಕು ಸೆಂಟಿಮೀಟರ್. ಹಾಗಾಗಿ ಕೊಳ್ಳುವ ದಿನದ ಗಾತ್ರ ನೋಡಬೇಡಿ, ಪೂರ್ತಿ ಬೆಳೆದಾಗಿನ ಗಾತ್ರ ಕೇಳಿ.

ಸ್ವಭಾವದ ಪ್ರಶ್ನೆ ಆಮೇಲಿನದು. ಟೈಗರ್ ಬಾರ್ಬ್‌ಗೆ ಇನ್ನೊಬ್ಬರ ರೆಕ್ಕೆ ಕಚ್ಚುವ ಚಾಳಿ. ಏಂಜಲ್‌ನ ಹೊಟ್ಟೆಯಡಿ ಇಳಿಬಿಟ್ಟ ದಾರದಂಥ ರೆಕ್ಕೆ ಕಂಡರೆ ಹಿಂದಿನಿಂದ ಬಂದು ತಟ್ಟನೆ ಕಿತ್ತು ಓಡುತ್ತದೆ. ಎರಡೋ ಮೂರೋ ತಂದರೆ ಈ ಕಾಟ ಹೆಚ್ಚು. ಆರೆಂಟರ ಗುಂಪಾದರೆ ತಮ್ಮತಮ್ಮೊಳಗೇ ಅಟ್ಟಾಡಿಕೊಂಡಿರುತ್ತವೆ, ಆದರೂ ಉದ್ದ ರೆಕ್ಕೆಯ ಮೀನಿನ ಜೊತೆಗೆ ನಾನಂತೂ ಬಿಡುವುದಿಲ್ಲ. ಟೆಟ್ರಾಕ್ಕೂ ಗುಂಪು ಬೇಕು. ಒಂಟಿಯಾದರೆ ಹೆದರಿ ಮೂಲೆ ಸೇರುತ್ತದೆ.

ಬಾವಿಯ ನೀರನ್ನೇ ತುಂಬಿದ ನನ್ನ ಮೂರಡಿ ತೊಟ್ಟಿಯಲ್ಲಿ ಈಗ ಹತ್ತು ನಿಯಾನ್ ಟೆಟ್ರಾ, ಒಂದು ಜೋಡಿ ಹನಿ ಗೌರಾಮಿ, ಆರು ಕೋರಿಡೋರಾಸ್ ಇವೆ. ಟೆಟ್ರಾ ನಡುನೀರಿನಲ್ಲಿ, ಗೌರಾಮಿ ಮೇಲುಗಡೆ. ಕೋರಿಡೋರಾಸ್‌ಗಳು ತಳದ ನುಣ್ಣನೆ ಮರಳಿಗೆ ಮೂತಿ ಹುದುಗಿಸಿ, ಮೀಸೆಯಿಂದ ತಡಕಿ ಊಟ ಹುಡುಕುತ್ತ ದಿನವೆಲ್ಲ ಒಟ್ಟಿಗೇ ಸುತ್ತುತ್ತವೆ.