ಗೌಜಲಹಕ್ಕಿ ಗುಂಪಿನಲ್ಲಿ ಗಂಡೆಷ್ಟು, ಹೆಣ್ಣೆಷ್ಟು?

ಮೊಟ್ಟೆ ಮಾತ್ರ ಸಾಕು ಅನ್ನುವವರಿಗೆ ಗಂಡು ಗೌಜಲ ಬೇಕಾಗಿಯೇ ಇಲ್ಲ. ಗಂಡು ಇರಲಿ ಬಿಡಲಿ, ಹೆಣ್ಣು ಮೊಟ್ಟೆ ಇಡುತ್ತದೆ. ಗಂಡು ಬೇಕಾಗುವುದು ಮರಿ ಮಾಡಿಸಲು. ಹಾಗಾಗಿ ನಮಗೆ ಮರಿ ಬೇಕಾ, ಬೇಡ್ವಾ ಅನ್ನುವುದನ್ನು ಮೊದಲು ತೀರ್ಮಾನ ಮಾಡಿಕೊಳ್ಳೋಣ.

ಈ ಟಿಪ್ಪಣಿ ಜಪಾನಿ ಗೌಜಲಕ್ಕೆ, ಅಂದರೆ ಹೆಚ್ಚಿನವರು ಸಾಕುವ ಕೋಟರ್ನಿಕ್ಸ್ ಜಾತಿಗೆ. ಬಾಬ್‌ವೈಟ್, ಬಟನ್ ಕ್ವೇಲ್ ಎಂಬ ಬೇರೆ ಜಾತಿಯ ಗೌಜಲಗಳು ಸಾಮಾನ್ಯವಾಗಿ ಜೋಡಿಯಾಗಿ ಇರುತ್ತವೆ. ಈ ಲೆಕ್ಕ ಅವಕ್ಕೆ ಹೊಂದುವುದಿಲ್ಲ.

ಮರಿ ಬೇಕಿದ್ದರೆ ಒಂದು ಗಂಡಿಗೆ 2ರಿಂದ 3 ಹೆಣ್ಣು ಎಂಬ ಲೆಕ್ಕ ಹೆಚ್ಚು ಬಳಕೆಯಲ್ಲಿದೆ. ಹೆಣ್ಣುಗಳಿಗೆ ಕಾಟ ಜಾಸ್ತಿ ಅನ್ನಿಸಿದರೆ 4, 5ರವರೆಗೂ ಹೋಗುತ್ತಾರೆ. ಈ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ನಿಮ್ಮ ಹಕ್ಕಿಗಳೇ ಉತ್ತರ ಕೊಡುತ್ತವೆ. ಗಂಡು ಮೇಲೇರುವಾಗ ಹೆಣ್ಣಿನ ಕತ್ತಿನ ಹಿಂಭಾಗವನ್ನು ಕೊಕ್ಕಿನಿಂದ ಹಿಡಿಯುತ್ತದೆ. ಗಂಡು ಜಾಸ್ತಿಯಾದರೆ ಅಲ್ಲಿನ ಪುಕ್ಕ ಉದುರಿ, ಚರ್ಮ ಕಾಣುತ್ತದೆ, ಕೊನೆಗೆ ಗಾಯವಾಗುತ್ತದೆ. ಗಂಡುಗಳು ತಮ್ಮತಮ್ಮಲ್ಲೇ ಕಾದಾಡಿ ತಲೆ, ಕಣ್ಣಿಗೆ ಕುಕ್ಕುತ್ತವೆ. ಗಂಡು ಕಡಿಮೆಯಾದರೆ ಅದು ತಿಳಿಯುವುದು ಮೊಟ್ಟೆಯಲ್ಲಿ. ಕಾವಿಗೆ ಇಟ್ಟ ಒಂದು ವಾರದ ಹೊತ್ತಿಗೆ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ರಕ್ತನಾಳ ಕಾಣದೆ ಖಾಲಿ ಇರುವ ಮೊಟ್ಟೆಗಳೇ ಹೆಚ್ಚಿದ್ದರೆ ಗಂಡುಗಳ ಕಡೆ ಗಮನ ಕೊಡಿ. ಆದರೆ ಗಂಡಿಗೆ ವಯಸ್ಸಾಗಿದ್ದರೂ, ಮೊಟ್ಟೆ ಹಳೆಯದಾಗಿದ್ದರೂ ಹೀಗಾಗಬಹುದು. ಸುಮ್ನೆ ಗಂಡು ಸೇರಿಸುತ್ತಾ ಹೋಗಬೇಡಿ.

9 ಹೆಣ್ಣು, 3 ಗಂಡು ಇವೆ ಅಂದುಕೊಳ್ಳಿ. ಎಲ್ಲವನ್ನೂ ಒಂದೇ ಗೂಡಿಗೆ ಹಾಕಬೇಕಾ, ಒಂದು ಗಂಡು 3 ಹೆಣ್ಣಿನಂತೆ ಮೂರು ಗೂಡು ಮಾಡಬೇಕಾ? ನನ್ನ ಒಲವು ಮೂರು ಗೂಡಿನ ಕಡೆ. ಗಂಡುಗಳ ಜಗಳ ಇಲ್ಲ, ಯಾವ ಗಂಡಿನ ಮರಿ ಯಾವುದು ಅಂತ ಗೊತ್ತಾಗುತ್ತದೆ. ಒಂದು ಗಂಡು ಕೆಲಸಕ್ಕೆ ಬಾರದಿದ್ದರೆ ಆ ಗೂಡಿನ ಮೊಟ್ಟೆಗಳೆಲ್ಲ ಖಾಲಿ ಆಗುವುದು ಇದರ ಕಷ್ಟ. ಅದಕ್ಕೆ ಒಂದು ಗಂಡನ್ನು ಹೆಚ್ಚುವರಿಯಾಗಿ ಬೇರೆ ಇಟ್ಟುಕೊಂಡಿರಬೇಕು.

ಗಂಡು, ಹೆಣ್ಣು ಗುರುತಿಸುವುದು ಹೇಗೆ? ಸಾಮಾನ್ಯ ಕಂದು ಬಣ್ಣದ ಹಕ್ಕಿಯಲ್ಲಿ ಸುಮಾರು 3 ವಾರಕ್ಕೆ ಎದೆ ನೋಡಿದರೆ ಸಾಕು. ಗಂಡಿನ ಎದೆ ಕೆಂಗಂದು, ಚುಕ್ಕೆ ಇಲ್ಲ. ಹೆಣ್ಣಿನ ಎದೆ ಮಾಸಲು, ಮೇಲೆ ಕಪ್ಪು ಚುಕ್ಕೆ. ಬಿಳಿ ತಳಿಗಳಲ್ಲಿ ಇದು ನಡೆಯುವುದಿಲ್ಲ. ಅವು ಬೆಳೆದು 6, 7 ವಾರ ಆಗುವವರೆಗೆ ಕಾಯಿರಿ. ಗಂಡಿನ ಗುದದ ಮೇಲೆ ಉಬ್ಬು ಇರುತ್ತದೆ, ಮೆಲ್ಲಗೆ ಒತ್ತಿದರೆ ಬಿಳಿ ನೊರೆ ಬರುತ್ತದೆ. ಗಾತ್ರದಲ್ಲಿ ಹೆಣ್ಣೇ ದೊಡ್ಡದು.

ಎಲ್ಲರೂ ಮರೆಯುವ ಭಾಗ ಉಳಿಕೆ ಗಂಡುಗಳದು. ಮರಿಗಳಲ್ಲಿ ಸರಿಸುಮಾರು ಅರ್ಧ ಗಂಡೇ. ಮರಿ ಗಂಡೋ ಹೆಣ್ಣೋ ಎಂಬುದು ತಾಯಿ ಹಕ್ಕಿಯಿಂದ ಮೊಟ್ಟೆಯಲ್ಲೇ ನಿರ್ಧಾರವಾಗಿರುತ್ತದೆ, ಕಾವಿನ ಯಂತ್ರದಲ್ಲಿ ಏನು ಮಾಡಿದರೂ ಬದಲಾಗುವುದಿಲ್ಲ. 20 ಮರಿ ಬಂದರೆ ಸುಮಾರು 10 ಗಂಡು, ನಮಗೆ ಬೇಕಾಗುವುದು ಮೂರೋ ನಾಲ್ಕೋ. ಉಳಿದವನ್ನು ಏನು ಮಾಡುತ್ತೀರಿ ಅಂತ ಮೊಟ್ಟೆ ಕಾವಿಗೆ ಇಡುವ ಮೊದಲೇ ಯೋಚಿಸಿ. ಮಾಂಸಕ್ಕೆ ಬಳಸುವವರಿದ್ದಾರೆ. ಸಾಕುವುದಾದರೆ ಹೆಣ್ಣುಗಳು ಕಾಣದ, ಅವುಗಳ ದನಿ ಕೇಳದ ಕಡೆ ಗಂಡುಗಳದೇ ಗುಂಪು ಮಾಡಿ. ಅಲ್ಲಿ ಬೆಳಕಿನ ಅವಧಿ ಕಡಿಮೆ ಇದ್ದರೆ ಅವು ಸ್ವಲ್ಪ ಶಾಂತವಾಗಿರುತ್ತವೆ. ಮೊಟ್ಟೆ ಇಡುವ ಗುಂಪಿಗೆ 14ರಿಂದ 16 ಗಂಟೆ ಬೆಳಕು ಕೊಡುತ್ತೇವಲ್ಲ, ಅದೇ ಬೆಳಕು ಗಂಡುಗಳ ಹುರುಪನ್ನೂ ಏರಿಸುತ್ತದೆ.

ಹಳೆಯ ಗಂಡನ್ನು ಬದಲಿಸುವಾಗ ಅಣ್ಣ ತಂಗಿಯರನ್ನು ಜೋಡಿ ಮಾಡಬೇಡಿ. ಗೌಜಲಗಳಲ್ಲಿ ಒಳಸಂಬಂಧದ ಹಾನಿ ಬೇಗ ಕಾಣುತ್ತದೆ, ಮೊಟ್ಟೆ ಒಡೆದು ಮರಿ ಬರುವುದು ಕಡಿಮೆಯಾಗುತ್ತದೆ. ಹಳೆಯ ಗಂಡನ್ನು ತೆಗೆದ ಮೇಲೂ ಕೆಲವು ದಿನ ಅದರ ಮರಿಗಳೇ ಬರಬಹುದು. ಹೊಸ ಗಂಡಿನ ಮರಿಯೇ ಬೇಕಿದ್ದರೆ ಎರಡು ವಾರ ಬಿಟ್ಟು ಮೊಟ್ಟೆ ಕೂಡಿಡಲು ಶುರುಮಾಡಿ.